ಇಲಾಖಾ ವಿಧಾನದ ಉಪ್ಪುಕಂಡ

ನಮ್ಮ ಹೊಳೆನರಸೀಪುರದ ಬ್ಲಾಕ್ ಆಫೀಸಿನ ಜವಾನ ದ್ಯಾವಯ್ಯ ಹಾಸನಕ್ಕೆ ಹೋಗಿ ಮೂರು ದಿನದ ಆಹಾರ ಸಂರಕ್ಷಣಾ ತರಬೇತಿ ಮುಗಿಸಿಕೊಂಡು ಬಂದ ಎಂಬುದು ಅವನ ಹೇಳಿಕೆ. ತರಬೇತಿಯ ಜಾಗದಲ್ಲಿ ಬೆಂಚು ಹೊರುವುದಕ್ಕೂ ಕಾಫಿ ತರುವುದಕ್ಕೂ ಒಬ್ಬ ಆಳು ಬೇಕೆಂದು ಅವನನ್ನು ಕಳಿಸಲಾಯಿತು ಎಂಬುದು ಕಡತದಲ್ಲಿರುವ ಸಂಗತಿ. ಆ ಆರ್ಡರನ್ನು ಟೈಪು ಮಾಡಿದ ಗುಮಾಸ್ತ ನಾನೇ ಆದ್ದರಿಂದ ನನಗೆ ಈ ವಿಷಯದಲ್ಲಿ ಅನುಮಾನವಿಲ್ಲ. ಆದರೆ ದ್ಯಾವಯ್ಯ ವಾಪಸ್ಸು ಬರುವಾಗ ಅಂಗಿಗೆ ನೀಲಿ ರಿಬ್ಬನ್ನಿನ ಬ್ಯಾಡ್ಜು ಚುಚ್ಚಿಕೊಂಡು ಬಂದಿದ್ದ. ಬ್ಯಾಡ್ಜಿನ ಮೇಲೆ ಬೆಂಚು ಎಂದಾಗಲಿ ಕಾಫಿ ಎಂದಾಗಲಿ ಬರೆದಿರಲಿಲ್ಲ. ಇದು ಐವತ್ತೆಂಟನೇ ಇಸವಿಯ ಮಾತು. ಆಗ ಬ್ಯಾಡ್ಜಿಗೆ ಬಹಳ ಮರ್ಯಾದೆಯಿತ್ತು.

ತರಬೇತಿಯ ಮೊದಲ ಎರಡು ದಿನ ಉಪನ್ಯಾಸಕರು ಮಾವಿನಕಾಯಿ, ನಿಂಬೆಹಣ್ಣು, ಟೊಮೇಟೊ ಎಲ್ಲ ಮುಗಿಸಿ ಮೂರನೆಯ ದಿನ ಮಾಂಸಕ್ಕೆ ಬಂದರಂತೆ. ಬರೀ ಉಪ್ಪು ಅರಿಶಿನ ಹಚ್ಚಿ ಬಿಸಿಲಿಗೆ ಹಾಕುವುದು ಹಳೇ ಕಾಲದ ಪದ್ಧತಿ, ಜೊತೆಗೆ ಪೆಟ್ಲುಪ್ಪು ಸೇರಿಸಿದರೆ ಉಪ್ಪುಕಂಡ ಕೆಡುವುದಿಲ್ಲ, ಬಣ್ಣವೂ ಕೆಂಪಗೇ ನಿಲ್ಲುತ್ತದೆ ಎಂದರಂತೆ. ದ್ಯಾವಯ್ಯ ಬಾಗಿಲ ಬಳಿ ನಿಂತು ಬಾಯಿ ಬಿಟ್ಟುಕೊಂಡು ಕೇಳಿದ. "ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅಳತೆ. ಒಂದು ಸೇರು ಮಾಂಸಕ್ಕೆ..." ಎಂದು ಉಪನ್ಯಾಸಕರು ಶುರುಮಾಡಿ, ಗಂಟಲು ಒಣಗಿ, ಬಾಗಿಲ ಕಡೆ ತಿರುಗಿ, "ಏನಪ್ಪಾ, ಒಂದು ಲೋಟ ಕಾಫಿ ಸಿಗಬಹುದಾ?" ಎಂದರಂತೆ. ದ್ಯಾವಯ್ಯ ಕಾಫಿ ತರುವ ಹೊತ್ತಿಗೆ ಅಳತೆ ಮುಗಿದು ವಂದನಾರ್ಪಣೆ ನಡೆಯುತ್ತಿತ್ತು.

ಇದಿಷ್ಟನ್ನೂ ನಾವು ಆಮೇಲೆ ಆಸ್ಪತ್ರೆಯಲ್ಲಿ ತಿಳಿದುಕೊಂಡೆವು. ಅಲ್ಲಿಯ ತನಕ ಊರಿಗೆ ಗೊತ್ತಿದ್ದದ್ದು ಬ್ಯಾಡ್ಜು ಮಾತ್ರ.

ಯುಗಾದಿಯ ಮಾರನೇ ದಿನ ಹೊಸತೊಡಕು. ನಮ್ಮ ಬೀದಿಯವರೆಲ್ಲ ಸೇರಿ ಕುರಿ ಕಡಿಸಿ ಮುತ್ತುಗದ ಎಲೆಯ ಮೇಲೆ ಗುಡ್ಡೆ ಗುಡ್ಡೆಯಾಗಿ ಬಾಡು ಹಾಕಿ ಹಂಚಿಕೊಳ್ಳುವುದು ವಾಡಿಕೆ. ದ್ಯಾವಯ್ಯ ಎರಡು ಗುಡ್ಡೆ ತೆಗೆದುಕೊಂಡ. ಒಂದು ಅವತ್ತಿನ ಊಟಕ್ಕೆ, ಇನ್ನೊಂದು ಇಲಾಖಾ ವಿಧಾನಕ್ಕೆ. ನೇರವಾಗಿ ಪೇಟೆ ಬೀದಿಯ ಗ್ರಂದಿಗೆ ಅಂಗಡಿಗೆ ಹೋಗಿ ಪೆಟ್ಲುಪ್ಪು ಕೇಳಿದ.

ಅಂಗಡಿಯ ಗೌರೀಶಂಕರ ಕನ್ನಡಕದ ಮೇಲಿಂದ ನೋಡಿ, "ಯಾಕೆ? ಮನೆಯಲ್ಲಿ ಯಾರಿಗಾದರೂ ಉಚ್ಚೆ ಕಟ್ಟಿದೆಯಾ, ಇಲ್ಲಾ ಜಾತ್ರೆಗೆ ಔಟು ಸುಡ್ತೀಯಾ?" ಎಂದು ಕೇಳಿದ.

"ಬಾಡಿಗೆ ಆಕಕ್ಕೆ."

"ಯಾತಕ್ಕೆ?"

"ಬಾಡಿಗೆ ಸಾಮಿ, ಬಾಡಿಗೆ. ಇಲಾಖೆಯವರು ಯೋಳವ್ರೆ." ದ್ಯಾವಯ್ಯ ಬ್ಯಾಡ್ಜನ್ನು ಮುಂದೆ ಮಾಡಿದ.

ಗೌರೀಶಂಕರ ಒಂದು ಪಾವು ಅಳೆದು ಪೊಟ್ಟಣ ಕಟ್ಟಿ ಕೊಟ್ಟು, ಅವನು ಬೀದಿ ದಾಟುವ ತನಕ ಬಾಗಿಲಲ್ಲಿ ನಿಂತು ನೋಡಿದ. ದ್ಯಾವಯ್ಯ ಮನೆಗೆ ಬಂದು ಪೊಟ್ಟಣವನ್ನು ಮಗಳ ಕೈಗೆ ಕೊಟ್ಟು, "ಪೂರಾ ಸುರಿದು ಎರಡು ದಿನ ಮಡಕೇಲಿ ಮಡಗು. ಮೂರನೇ ದಿನ ದಾರಕ್ಕೆ ಪೋಣಿಸಿ ಬಿಸಿಲಿಗಾಕು" ಎಂದು ಅಪ್ಪಣೆ ಮಾಡಿ ಆಫೀಸಿಗೆ ಹೊರಟ.

ಈ ಮಗಳ ವಿಷಯ ಇಲ್ಲೇ ಹೇಳಿಬಿಡಬೇಕು. ಚಿಕ್ಕಲಕ್ಷ್ಮಿ ಒಬ್ಬಳೇ ಮಗಳು. ಹುಡುಗಿ ಚೆನ್ನ, ಎಂಟನೇ ಕ್ಲಾಸು ಪಾಸು ಮಾಡಿದವಳು. ಆದರೆ ಹಿಂದೆ ಬಂದಿದ್ದ ಎರಡು ಸಂಬಂಧಗಳು ಅಪ್ಪನ ಬಾಯಿಂದಲೇ ಮುರಿದಿದ್ದವು. ಮೊದಲನೆಯ ಬೀಗರಿಗೆ ಅವರು ದನ ಸಾಕುವ ರೀತಿ ತಪ್ಪೆಂದು ಅರ್ಧ ದಿನ ತಿಳಿಹೇಳಿದ್ದ. ಎರಡನೆಯವರ ಮನೆಗೆ ಹೋಗಿ, ಹೊಗೆ ಇಲ್ಲದ ಒಲೆ ಹಾಕಿಕೊಡುತ್ತೇನೆಂದು ಹಳೇ ಒಲೆ ಕಿತ್ತು, ಹೊಸದನ್ನು ಹಾಕಲು ಗೊತ್ತಾಗದೆ ಬಂದಿದ್ದ. ಈಗ ಮೂರನೆಯದು ಶಾಂತಿಗ್ರಾಮದ ಲಕ್ಕಯ್ಯನ ಮಗ. ಹುಡುಗ ಹಾಸನದ ರಸ್ತೆ ಕೆಲಸದಲ್ಲಿ ರೋಡ್ ರೋಲರ್ ಓಡಿಸುತ್ತಿದ್ದ. ಚಿಕ್ಕಲಕ್ಷ್ಮಿಗೂ ಮನಸ್ಸು ಒಪ್ಪಿತ್ತು. ಲಕ್ಕಯ್ಯ ಬಂದು ಮದುವೆಯ ದಿನ ಗೊತ್ತುಮಾಡಿ ಹೋಗುವುದಷ್ಟೇ ಬಾಕಿ. ಅವರು ಬಂದಾಗ ಒಂದೇ ಒಂದು ಬುದ್ಧಿಮಾತು ಆಡಕೂಡದೆಂದು ಹೆಂಡತಿ ಹೊನ್ನಕ್ಕ ಗಂಡನಿಂದ ಮನೆದೇವರ ಮೇಲೆ ಆಣೆ ಮಾಡಿಸಿದ್ದಳು.

ಇತ್ತ ಉಪ್ಪುಕಂಡ ಹಿತ್ತಲ ಹಗ್ಗದ ಮೇಲೆ ಒಣಗತೊಡಗಿತು. ಒಂದು ದಿನವಾಯಿತು, ಮೂರು ದಿನವಾಯಿತು, ವಾರವಾಯಿತು. ಬೇರೆ ಮನೆಗಳ ಉಪ್ಪುಕಂಡ ಕಪ್ಪಾಗಿ ಸೌದೆ ಚಕ್ಕೆಯ ಹಾಗಾದರೆ ಇದು ಮಾತ್ರ ಕುಂಕುಮದ ಕೆಂಪು. ಎದುರು ಮನೆಯ ಮುದ್ದಮ್ಮ ದಿನಾ ಬೆಳಿಗ್ಗೆ ಬಂದು ಹಗ್ಗದ ಕೆಳಗೆ ನಿಂತು ತಲೆಯೆತ್ತಿ ನೋಡಿದಳು.

"ಒನ್ನಕ್ಕಾ, ಕುರಿ ಸತ್ತು ಎಂಟು ದಿನ ಆಯ್ತಲ್ವೇ? ಇನ್ನೂ ಜೀವ ಇದ್ದಂಗೈತಲ್ಲೇ!"

"ಇಲಾಖೆ ಬಾಡಂತೆ ಕಣಕ್ಕ."

"ಯಾವ ಇಲಾಖೆನಾರ ಇರ್ಲಿ ಕಣವ್ವ, ಸತ್ತಿದ್ದು ಸತ್ತಂಗೆ ಇರಬ್ಯಾಡ್ವಾ?"

ಅಷ್ಟರಲ್ಲಿ ಒಂದು ಕಾಗೆ ಬಂದು ಒಂದು ತುಂಡು ಕಚ್ಚಿಕೊಂಡು ಹೋಯಿತು. ಬೀದಿಯವರಿಗೆಲ್ಲ ಇದು ಬಹಳ ಒಳ್ಳೆಯದಾಯಿತು. ಕಾಗೆ ಬದುಕಿದರೆ ಬಾಡು ತಿನ್ನಬಹುದು, ಸತ್ತರೆ ಕೂಡದು ಎಂದು ಮುದ್ದಮ್ಮ ತೀರ್ಪು ಕೊಟ್ಟಳು. ಸಂಜೆಯ ಹೊತ್ತಿಗೆ ಹನ್ನೆರಡು ಕಾಗೆಗಳು ಸೂರಿನ ಮೇಲೆ ಕುಳಿತು ಚೆನ್ನಾಗಿಯೇ ಕೂಗುತ್ತಿದ್ದವು. ಆದರೆ ಅವುಗಳಲ್ಲಿ ತಿಂದ ಕಾಗೆ ಯಾವುದು ಎಂಬ ಪ್ರಶ್ನೆ ಎದ್ದಿತು. ಮುದ್ದಮ್ಮ ಒಂದನ್ನು ತೋರಿಸಿದಳು, ಅವಳ ಸೊಸೆ ಇನ್ನೊಂದನ್ನು ತೋರಿಸಿದಳು. ಅತ್ತೆ ಸೊಸೆ ಎರಡು ದಿನ ಮಾತು ಬಿಟ್ಟರೇ ಹೊರತು ವಿಷಯ ಇತ್ಯರ್ಥವಾಗಲಿಲ್ಲ.

ಹೀಗಿರುವಾಗ ಒಂದು ಬುಧವಾರ ಬೆಳಗಿನ ಬಸ್ಸಿಗೇ ಲಕ್ಕಯ್ಯ ಬಂದಿಳಿದ. ಜೊತೆಗೆ ಅವನ ಅಕ್ಕ ಮಾರಮ್ಮ. ಲಕ್ಕಯ್ಯ ಬಾವಿ ಮೇಸ್ತ್ರಿ. ಸಾಲಗಾಮೆಯಿಂದ ಚನ್ನರಾಯಪಟ್ಟಣದ ತನಕ ಎಲ್ಲಿ ಬಾವಿ ತೋಡುವಾಗ ಬಂಡೆ ಅಡ್ಡಬಂದರೂ ಕುಳಿ ಹೊಡೆದು ಮದ್ದು ತುಂಬಿ ಸಿಡಿಸಲು ಅವನೇ ಬರಬೇಕು. ಬಾಯಲ್ಲಿ ಸದಾ ಬೀಡಿ. ಮಾತು ಕಮ್ಮಿ. ಮಾತಿನ ಭಾಗವನ್ನು ಮಾರಮ್ಮ ನೋಡಿಕೊಳ್ಳುತ್ತಿದ್ದಳು.

ಬೀಗರಿಗೆಂದು ಸಾಕಿದ್ದ ಹುಂಜ ಚೂರಿಯ ಸದ್ದು ಕೇಳಿದ್ದೇ ಮುದ್ದಮ್ಮನ ಸೂರು ಹತ್ತಿ ಕುಳಿತು, ಎಷ್ಟು ಕರೆದರೂ ಇಳಿಯಲಿಲ್ಲ. ಹೊನ್ನಕ್ಕ ಬೇರೆ ದಾರಿ ಕಾಣದೆ ಉಪ್ಪುಕಂಡದ ಸಾರಿಗಿಟ್ಟಳು. ಆಫೀಸಿನ ಕಡೆಯ ದೊಡ್ಡ ಮನುಷ್ಯ ಒಬ್ಬರಿರಲಿ ಎಂದು ನನ್ನನ್ನೂ ಊಟಕ್ಕೆ ಕರೆದಿದ್ದರು. ನಾವು ಮೂವರು ಗಂಡಸರು ಜಗುಲಿಯ ಮೇಲೆ ಕುಳಿತೆವು. ಒಳಗಿನಿಂದ ಒಳ್ಳೆಯ ವಾಸನೆ ಬಂತು. ಊಟ ಮಾತ್ರ ಬರಲಿಲ್ಲ.

"ಬೆಂದಿಲ್ವೇನೇ?" ಎಂದು ದ್ಯಾವಯ್ಯ ಕೂಗಿದ.

"ಬೆಂದೈತೆ. ಬೆಂದಂಗೆ ಕಾಣಕ್ಕಿಲ್ಲ," ಎಂದು ಒಳಗಿನಿಂದ ಉತ್ತರ ಬಂತು.

ಮುದ್ದಮ್ಮ ಹೋಗಿ ಒಂದು ತುಂಡು ಹಿಸುಕಿ ನೋಡಿ, ಬೆಣ್ಣೆ ಹಾಗೆ ಬೆಂದಿದೆ ಎಂದಳು. ಮಾರಮ್ಮ ಹೋಗಿ ನೋಡಿ, ಇಷ್ಟು ಕೆಂಪಗಿದ್ದರೆ ಹಸಿ ಎಂದೇ ಅರ್ಥ ಎಂದಳು. ಒಲೆಗೆ ಮತ್ತೆ ನಾಲ್ಕು ಸೌದೆ ಬಿತ್ತು. ಬಾಡು ಮೆತ್ತಗಾಗಿ, ನಾರಾಗಿ, ಸಾರಿನಲ್ಲಿ ಕರಗಿಹೋಗುವ ಸ್ಥಿತಿಗೆ ಬಂದರೂ ಕೆಂಪು ಬಿಡಲಿಲ್ಲ. ಕೊನೆಗೆ ಮಾರಮ್ಮ ಉಳಿದ ತುಂಡುಗಳನ್ನು ಕೆಂಡದ ಮೇಲೆ ಹಾಕಿ ಹೊರಗೆಲ್ಲ ಇದ್ದಿಲಾಗುವಂತೆ ಸುಟ್ಟು, "ಈಗ ಬೆಂದೈತೆ" ಎಂದು ಸಮಾಧಾನಪಟ್ಟಳು. ಮುದ್ದೆ ಬಿತ್ತು, ಸಾರು ಬಿತ್ತು, ಸುಟ್ಟ ಉಪ್ಪುಕಂಡವೂ ಬಿತ್ತು.

ಅಯ್ಯೋ, ಎಂಥ ರುಚಿ ಎನ್ನುತ್ತೀರಿ! ನಾನು ಅರಕಲಗೂಡಿನವನು, ಉಪ್ಪುಕಂಡ ತಿಂದು ಬೆಳೆದವನು. ಅಂಥದ್ದನ್ನು ಅದಕ್ಕೆ ಮೊದಲೂ ತಿಂದಿಲ್ಲ, ಆಮೇಲೂ ತಿಂದಿಲ್ಲ. ಲಕ್ಕಯ್ಯ ಮೂರು ಸಲ ಹಾಕಿಸಿಕೊಂಡು ಉಂಡು, ಕೈ ತೊಳೆದು, ಕಿವಿಯ ಮೇಲಿದ್ದ ಬೀಡಿ ತೆಗೆದು ತುಟಿಗಿಟ್ಟು, ಆ ದಿನದ ಮೊದಲ ಮಾತಾಡಿದ.

"ಬೀಗ್ರೇ, ಬಾಡು ಬಲೇ ಸಂದಾಗಿತ್ತು. ಕೆಂಪಗೆ ಎಂಗ್ ಬಂತು?"

ಹೊನ್ನಕ್ಕ ಒಳಗಿನಿಂದ ಜೋರಾಗಿ ಕೆಮ್ಮಿದಳು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಬುದ್ಧಿಮಾತು ಹೇಳಿದ ಹಾಗಲ್ಲ ಎಂದು ದ್ಯಾವಯ್ಯ ಒಂದು ಕ್ಷಣದಲ್ಲಿ ತೀರ್ಮಾನಿಸಿದ. "ಪೆಟ್ಲುಪ್ಪು ಬೀಗ್ರೇ! ಇಲಾಖಾ ವಿಧಾನ!"

ಲಕ್ಕಯ್ಯನ ಕೈಯಲ್ಲಿ ಗೀರಲು ಎತ್ತಿದ ಬೆಂಕಿಕಡ್ಡಿ ಹಾಗೇ ನಿಂತಿತು. ಮೂವತ್ತು ವರ್ಷ ಮದ್ದು ಅರೆದವನು. ನಿಧಾನವಾಗಿ ಕಡ್ಡಿಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟ.

"ಮದ್ದಿಗೆ ಬೇಕಾಗೋದು ಮೂರು," ಎಂದು ಬೆರಳು ಮಡಿಸಿದ. "ಪೆಟ್ಲುಪ್ಪು, ಇದ್ದಿಲು, ಗಂಧಕ. ಪೆಟ್ಲುಪ್ಪು ಒಟ್ಟೇಲಿ ಐತೆ. ಸುಟ್ಟ ಬಾಡಿನ ಇದ್ದಿಲೂ ಒಟ್ಟೇಲಿ ಐತೆ. ಗಂಧಕ ಒಂದಿಲ್ಲ, ದೇವ್ರು ದೊಡ್ಡೋನು."

ಮಾರಮ್ಮ ಎದೆ ಬಡಿದುಕೊಂಡಳು. "ಲೇ ಲಕ್ಕಾ! ನಿನ್ ಕಜ್ಜಿಗೆ ಬೆಳಗ್ಗೆ ನಾನು ಬಳಿದಿದ್ದು ಏನ್ಲಾ? ಗಂಧಕದ ಮುಲಾಮು ಅಲ್ವೇನ್ಲಾ?"

ನಾವೆಲ್ಲ ಲಕ್ಕಯ್ಯನಿಂದ ಎರಡು ಮಾರು ಹಿಂದೆ ಸರಿದೆವು. ಅವನೊಬ್ಬ ತನ್ನಿಂದ ತಾನು ಸರಿಯಲಾಗದೆ ಅಲ್ಲೇ ನಿಂತ.

"ನೆಂದ ಮದ್ದು ಅತ್ಕಳಕ್ಕಿಲ್ಲ. ನೀರು ತನ್ನಿ," ಎಂದ ಲಕ್ಕಯ್ಯ. ಕಸುಬುದಾರನ ಮಾತು, ಯಾರು ಅಲ್ಲಗಳೆಯುತ್ತಾರೆ? ಒಂದು ಕೊಡ ನೀರು ಕುಡಿದ. ಹೊರಗಿನ ಗಂಧಕಕ್ಕೆ ಇನ್ನೊಂದು ಕೊಡ ಮೈಮೇಲೆ ಸುರಿಸಿಕೊಂಡು ಒದ್ದೆ ಗೋಣಿಚೀಲ ಹೊದ್ದ. ಆಮೇಲೆ ಆಸ್ಪತ್ರೆಯ ಕಡೆ ಹೊರಟೆವು. ಮಟಮಟ ಮಧ್ಯಾಹ್ನ. ಬಿಸಿಲು ತಾಕಬಾರದೆಂದು ದ್ಯಾವಯ್ಯ ಬೀಗರ ತಲೆಯ ಮೇಲೆ ಕೊಡೆ ಹಿಡಿದ, ಆದಷ್ಟೂ ಕೈ ಉದ್ದ ಮಾಡಿಕೊಂಡು.

ಪೇಟೆ ಬೀದಿಯಲ್ಲಿ ನಮಗಿಂತ ಮುಂಚೆ ಸುದ್ದಿ ಹೋಗಿತ್ತು. ಕಮ್ಮಾರನ ತಿದಿ ನಿಂತಿತು. ಹೋಟೆಲಿನವನು ಒಲೆಗೆ ನೀರು ಹೊಯ್ದ. ಇಸ್ತ್ರಿಯವನು ಕೆಂಡ ತುಂಬಿದ ಪೆಟ್ಟಿಗೆ ಎತ್ತಿಕೊಂಡು ಹೊಳೆಯ ಕಡೆ ಓಡಿದ. ಗೌರೀಶಂಕರ ಅಂಗಡಿಯ ಬಾಗಿಲು ಹಾಕಿಕೊಂಡು ಒಳಗಿನಿಂದಲೇ, "ನಾನು ಔಟಿಗೆ ಅಂತ ಕೊಟ್ಟದ್ದು!" ಎಂದು ಕೂಗಿದ. ಕಾನ್‌ಸ್ಟೇಬಲ್ ಹುಚ್ಚಯ್ಯ ಬೀದಿಯ ಮಧ್ಯ ನಿಂತು ಕೈ ಅಡ್ಡ ಮಾಡಿದ.

"ಊರೊಳಗೆ ಮದ್ದು ಸಾಗಿಸ್ತಾ ಇದೀರಂತೆ. ಲೈಸೆನ್ಸ್ ಐತಾ?"

ಲಕ್ಕಯ್ಯ ಗೋಣಿಚೀಲದೊಳಗೆ ಕೈಹಾಕಿ, ಒದ್ದೆಯಾದ ಲೈಸೆನ್ಸ್ ತೆಗೆದು ಕೊಟ್ಟ. ಹುಚ್ಚಯ್ಯ ಹಿಂದೆ ಮುಂದೆ ತಿರುಗಿಸಿ ಓದಿದ. ಓದಿ ಅವನಿಗೆ ಚಿಂತೆ ಹತ್ತಿತು.

"ಇದ್ರಾಗೆ ಬಾವಿ ಕೆಲ್ಸಕ್ಕೆ ಮಾತ್ರ ಅಂತ ಐತೆ. ಒಟ್ಟೆ ಇಷ್ಯ ಇಲ್ಲ. ಏನ್ ಸಾ ಮಾಡದು?" ಎಂದು ನನ್ನನ್ನೇ ಕೇಳಿದ. ಮೇಲಿನವರಿಗೆ ಬರೆದು ಕೇಳಿ ಎಂದೆ. ನನ್ನ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಈ ಉತ್ತರ ಎಲ್ಲೂ ಕೈಕೊಟ್ಟಿಲ್ಲ. ದಾರಿಯುದ್ದಕ್ಕೂ ಮಾರಮ್ಮ ಮಾತ್ರ ಒಂದೇ ಮಾತು ಹೇಳಿಕೊಂಡು ಬಂದಳು. "ಈ ಸಂಬಂಧ ಬ್ಯಾಡ ಕಣ್ಲಾ. ದಿನ ಗೊತ್ಮಾಡಕ್ಕೆ ಬಂದೋರ್ಗೇ ಇಂಗೆ, ಇನ್ನು ಮದ್ವೆ ಊಟದಲ್ಲಿ ಏನಿಕ್ತಾರೋ!" ದ್ಯಾವಯ್ಯ ಕೊಡೆಯನ್ನು ಬೀಗರ ತಲೆಯ ಮೇಲೆ ಇನ್ನಷ್ಟು ಬಗ್ಗಿಸಿದ. ನನಗೆ ನಿಜವಾಗಿ ಅಯ್ಯೋ ಅನಿಸಿತು.

ಆಸ್ಪತ್ರೆಯ ಡಾಕ್ಟರು ಎಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೊಟ್ಟೆಯಲ್ಲಿ ಬೆಂಕಿ ಹತ್ತುವುದಿಲ್ಲ ಕಣ್ರಯ್ಯಾ, ಹೋಗಿ." ಆಮೇಲೆ ಏನೋ ನೆನಪಾದವರಂತೆ ನಗು ನಿಲ್ಲಿಸಿ, "ಅಂದಹಾಗೆ, ಎಷ್ಟು ಹಾಕಿದ್ದಿರಿ?" ಎಂದು ಕೇಳಿದರು.

ದ್ಯಾವಯ್ಯ ಗೋಡೆಯ ಕ್ಯಾಲೆಂಡರ್ ನೋಡಿದ.

"ನೋಡಪ್ಪ, ಇದು ತಮಾಷೆಯಲ್ಲ. ಪೆಟ್ಲುಪ್ಪು ಚಿಟಿಕೆ ಹಾಕಿದರೆ ಮಾಂಸ ಕಾಪಾಡುತ್ತೆ, ತಿಂದವರಿಗೂ ತೊಂದರೆಯಿಲ್ಲ. ಅಳತೆ ಮೀರಿದರೆ ಅದೇ ವಿಷ. ವಾಂತಿಯಾಗುತ್ತೆ, ರಕ್ತ ಕೆಡುತ್ತೆ, ತುಟಿ ನೀಲಿಯಾಗುತ್ತೆ. ಎಷ್ಟು ಹಾಕಿದೆ ಹೇಳು."

ತಿಂದವರೆಲ್ಲ ಒಬ್ಬರ ತುಟಿ ಒಬ್ಬರು ನೋಡಿಕೊಂಡೆವು. ನಾನು ಔಷಧಿ ಬೀರುವಿನ ಗಾಜಿನಲ್ಲಿ ನನ್ನದನ್ನು ನೋಡಿಕೊಂಡೆ. ಲಕ್ಕಯ್ಯನದು ಮೂವತ್ತು ವರ್ಷದ ಬೀಡಿಯಿಂದ ಮೊದಲೇ ಕಪ್ಪಾಗಿದ್ದದ್ದರಿಂದ ಡಾಕ್ಟರಿಗೂ ಏನೂ ಗೊತ್ತಾಗಲಿಲ್ಲ.

"ಸಾ," ಎಂದ ದ್ಯಾವಯ್ಯ. "ಅಳತೆ ಯೋಳೋ ಒತ್ನಲ್ಲಿ ನಾನು ಕಾಫಿ ತರಕ್ಕೆ ಓಗಿದ್ದೆ ಸಾ."

"ಯಾವ ಕಾಫಿ?"

ಆಗ ಎಲ್ಲ ಹೊರಬಂತು. ಬೆಂಚು ಹೊತ್ತದ್ದು, ಬಾಗಿಲಲ್ಲಿ ನಿಂತದ್ದು, ಬಿದ್ದಿದ್ದ ಬ್ಯಾಡ್ಜನ್ನು ಎತ್ತಿ ಚುಚ್ಚಿಕೊಂಡದ್ದು. ಬೀಗರ ಮುಂದೆ, ಮಾರಮ್ಮನ ಮುಂದೆ, ನನ್ನ ಮುಂದೆ, ಒಂದೊಂದೇ ಹೇಳಿದ. "ಒಂದು ಪಾವು ತಂದು ಕೊಟ್ಟೆ ಸಾ. ಪೂರಾ ಸುರೀರಿ ಅಂದಿದ್ದೆ."

"ಪಾವಾ?" ಡಾಕ್ಟರು ಎದ್ದು ನಿಂತರು. "ಕಾಂಪೌಂಡರ್, ರಬ್ಬರ್ ಟ್ಯೂಬು! ದೊಡ್ಡ ಬೇಸಿನ್ನು!"

ಮಾರಮ್ಮ ರಾಗ ತೆಗೆದಳು. ಅದೇ ಹೊತ್ತಿಗೆ ಬಾಗಿಲಲ್ಲಿ ಏದುಸಿರು ಬಿಡುತ್ತ ಚಿಕ್ಕಲಕ್ಷ್ಮಿ ಬಂದು ನಿಂತಳು. ದಿನ ಗೊತ್ತಾಗಬೇಕಾದ ಹುಡುಗಿ ನಡುಬೀದಿಯಲ್ಲಿ ಓಡಿಬಂದಿದ್ದಾಳೆ, ಕೈಯಲ್ಲಿ ಒಂದು ತಗಡಿನ ಡಬ್ಬಿ. ಯಾರನ್ನೂ ನೋಡದೆ ನೇರವಾಗಿ ಡಾಕ್ಟರ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಪೆಟ್ಲುಪ್ಪು ಡಬ್ಬಿಯ ತುಂಬ ಇತ್ತು.

"ಪಾವು ಅಂಗೇ ಐತೆ ಸಾ. ನಾನಾಕಿದ್ದು ಇಷ್ಟೇಯ," ಎಂದು ಎರಡು ಬೆರಳ ತುದಿ ತೋರಿಸಿದಳು.

ಡಾಕ್ಟರು ಡಬ್ಬಿ ನೋಡಿದರು, ಬೆರಳು ನೋಡಿದರು, ಕುಳಿತುಕೊಂಡರು. "ಸರಿಯಾಗಿ ಹಾಕಿದ್ದೀಯಲ್ಲಮ್ಮಾ! ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ ಸಾ." ಹುಡುಗಿ ಅಪ್ಪನ ಕಡೆ ಒಂದು ಸಲ ನೋಡಿ ತಲೆ ತಗ್ಗಿಸಿದಳು. "ಅಪ್ಪ ಏನ್ ಯೋಳಿದ್ರೂ ನಾವು ಮಾಡೋದು ಒಂದು ಚಿಟಿಕೆ. ಅವ್ವಾನೂ ಅಂಗೇಯ. ಬ್ಯಾಡ ಅಂದ್ರೆ ಅಪ್ಪಂಗೆ ಬೇಜಾರಾಯ್ತದೆ. ಪೂರಾ ಮಾಡಿದ್ರೆ ಮನೆ ಉಳಿಯಕ್ಕಿಲ್ಲ."

ದ್ಯಾವಯ್ಯನ ಮುಖ ನೋಡಲಾಗಲಿಲ್ಲ. ಇಪ್ಪತ್ತು ವರ್ಷ ತಾನು ಆಳಿದ ಮನೆಯಲ್ಲಿ ನಡೆದದ್ದೆಲ್ಲ ಚಿಟಿಕೆ ಚಿಟಿಕೆಯಾಗಿ ಎಂದು ಬೀಗರ ಮುಂದೆ ತಿಳಿಯುವುದು ಸಣ್ಣ ಮಾತಲ್ಲ. ಅವನು ಕೊಡೆಯನ್ನು ಮಡಿಸಿ ಮಡಿಸಿ ಬಿಚ್ಚುತ್ತಿದ್ದ.

ಮಾರಮ್ಮ ಸೆರಗು ಸರಿಮಾಡಿಕೊಂಡು, "ನಡೀಲಾ ಲಕ್ಕಾ, ಬಸ್ಸಿಗೊತ್ತಾಯ್ತು. ಕೇಳಿದ್ಯಲ್ಲ, ಅಪ್ಪ ಯೋಳಿದ್ದೇ ಕೇಳದ ಎಣ್ಣು ಇದು" ಎಂದಳು.

ಲಕ್ಕಯ್ಯ ಗೋಣಿಚೀಲವನ್ನು ತೆಗೆದು ಹಿಂಡಿ ಕಿಟಕಿಯ ಮೇಲೆ ಹಾಕಿದ. ಆ ದಿನ ಅವನು ಆಡಬೇಕಿದ್ದ ಮಾತೆಲ್ಲ ಒಟ್ಟಿಗೆ ಬಂತು.

"ಅಕ್ಕಾ, ಸುಮ್ನಿರು. ನಮ್ಮೂರ್ ಡಾಕ್ಟ್ರು ಕಜ್ಜಿ ಮುಲಾಮು ಕಡ್ಲೆ ಕಾಳಿನಷ್ಟು ಅಚ್ಚು ಅಂದ್ರು, ಬೇಗ ವಾಸಿಯಾಗ್ಲಿ ಅಂತ ನೀನೇ ಡಬ್ಬಿ ಪೂರಾ ಬಳಿದೆ. ನನ್ ಮಗ ರಸ್ತೆ ಸಮ ಮಾಡ್ಲಾ ಅಂದ್ರೆ ಪಕ್ಕದ್ ಚರಂಡೀನೂ ಸಮ ಮಾಡಿ ಬಂದ. ನಮ್ಮನೇಲಿರೋರೆಲ್ಲ ಸುರಿಯೋರೇಯ. ಅಳತೆ ಗೊತ್ತಿರೋದು ಒಂದು ಜೀವನಾರ ಬ್ಯಾಡ್ವಾ?" ಎಂದು ದ್ಯಾವಯ್ಯನ ಕಡೆ ತಿರುಗಿದ. "ಬೀಗ್ರೇ, ಯಾವತ್ತು ಮಡಿಕಳಣ ಮದ್ವೇನಾ?"

ದ್ಯಾವಯ್ಯ ಉತ್ತರ ಕೊಡಲು ಬಾಯಿ ತೆರೆದ. ಮಗಳು ನೋಡಿದಳು. ಬಾಯಿ ಮುಚ್ಚಿ, "ನೀವು ಯೋಳಿದ ದಿನ" ಎಂದ. ಅವನ ಬಾಯಿಂದ ಅಷ್ಟು ಚಿಕ್ಕ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ವೈಶಾಖದಲ್ಲಿ ಮದುವೆಯಾಯಿತು. ಬೀಗರೂಟಕ್ಕೆ ಅವತ್ತೇ ಕಡಿದ ಕುರಿ, ಬೇಯಿಸಿದ ಮೇಲೆ ಕಪ್ಪಾಯಿತು, ಎಲ್ಲರೂ ನೆಮ್ಮದಿಯಾಗಿ ಉಂಡರು. ಹುಡುಗಿಯನ್ನು ಕಳಿಸಿಕೊಡಲು ಬಸ್‌ಸ್ಟ್ಯಾಂಡಿಗೆ ನಾನೂ ಹೋಗಿದ್ದೆ. ಹೊನ್ನಕ್ಕ ಅತ್ತಳು, ಮುದ್ದಮ್ಮ ಅವಳಿಗಿಂತ ಜೋರಾಗಿ ಅತ್ತಳು. ದ್ಯಾವಯ್ಯ ಅಳಲಿಲ್ಲ. ಬಸ್ಸಿನ ಕಿಟಕಿಗೆ ಜೋತುಬಿದ್ದು ಮಗಳಿಗೆ ಹೇಳಲು ಶುರುಮಾಡಿದ. ನೀರು ಕಾಯಿಸಿ ಆರಿಸಿಯೇ ಕುಡಿಯಬೇಕು, ಕೋಳಿಗೂಡು ಮೂಡಲ ಮುಖಕ್ಕಿರಬೇಕು, ಅತ್ತೆ ಮನೆಯ ಒಲೆ ಹೀಗಿರಬೇಕು, ಗಂಡನ ರೋಡ್ ರೋಲರಿಗೆ ಇಂಥ ಎಣ್ಣೆಯೇ ಹಾಕಿಸಬೇಕು. ಡ್ರೈವರು ಎರಡು ಸಲ ಹಾರನ್ ಹೊಡೆದ. ಚಿಕ್ಕಲಕ್ಷ್ಮಿ ಎಲ್ಲದಕ್ಕೂ "ಊಂ ಅಪ್ಪ, ಊಂ ಅಪ್ಪ" ಎಂದಳು. ಬಸ್ಸು ಹೊರಟಿತು. ಅವನು ಜೊತೆಯಲ್ಲೇ ಹತ್ತು ಹೆಜ್ಜೆ ಓಡಿ, ಏನೋ ಇನ್ನೊಂದು ಹೇಳಿ, ನಿಂತ.

ಧೂಳು ಇಳಿಯುವ ತನಕ ಇಬ್ಬರೂ ಅಲ್ಲೇ ನಿಂತಿದ್ದೆವು. ದ್ಯಾವಯ್ಯ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ.

"ಒಂದು ಪಾವು ಯೋಳಿದೀನಿ ಸಾ," ಎಂದ. "ಒಂದು ಚಿಟಿಕೆಯಾರಾ ಮಾಡ್ತಾಳೆ ಬುಡಿ."